ಸಹಾಯ ಬೇಕು: ಎರಡು ಪ್ರಾಕ್ಸಿ ದಾಟಿ ಬರುವ ಕರೆ ನ್ಯಾಟ್ ಹಿಂದಿನ ಫೋನಿಗೆ ತಲುಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ರೇಷ್ಮೆ ಬೆಳೆಗಾರರಿಗಾಗಿ ಸಣ್ಣ ಸಹಾಯವಾಣಿ ನಡೆಸುತ್ತಿದ್ದೇವೆ. ಉತ್ತರ ಕೊಡುವವರು ಶಿಡ್ಲಘಟ್ಟ, ಚಿಂತಾಮಣಿಯ ಮನೆಗಳಲ್ಲೇ ಕೂತು ಸಿಪ್ (ಇಂಟರ್ನೆಟ್ ಮೂಲಕ ಕರೆ ಜೋಡಿಸುವ ವಿಧಾನ) ಆ್ಯಪ್ ಬಳಸುತ್ತಾರೆ. ಎಲ್ಲರೂ ನ್ಯಾಟ್ ಹಿಂದೆ, ಅಂದರೆ ಹೊರಗಿನಿಂದ ನೇರವಾಗಿ ತಲುಪಲಾಗದ ಖಾಸಗಿ ವಿಳಾಸದಲ್ಲಿ.

ಮುಂದೆ ಎರಡು ಎಡ್ಜ್ ಪ್ರಾಕ್ಸಿ (ಕಮೈಲಿಯೋ ಎಂಬ ಸಿಪ್ ತಂತ್ರಾಂಶದ, ಕರೆ ಸಂದೇಶಗಳನ್ನು ದಾಟಿಸುವ ಸರ್ವರ್), ಹಿಂದೆ ಒಂದು ರಿಜಿಸ್ಟ್ರಾರ್ (ಯಾವ ಫೋನ್ ಎಲ್ಲಿದೆ ಎಂದು ನೆನಪಿಡುವ ಸರ್ವರ್), ಸಂದೇಶಗಳು ಯುಡಿಪಿ ಪೋರ್ಟ್ 5060ರಲ್ಲಿ. ಫೋನ್ ಯಾವ ಎಡ್ಜ್ ಮೂಲಕ ರಿಜಿಸ್ಟರ್ ಆಗಿದೆಯೋ, ಮನೆಯ ರೂಟರ್ ಸಾಮಾನ್ಯವಾಗಿ ಅದಕ್ಕೆ ಮಾತ್ರ ಬಾಗಿಲು ತೆರೆದಿಡುತ್ತದೆ ಅಲ್ವಾ? ಇನ್ನೊಂದು ಎಡ್ಜ್‌ನಿಂದ ಹೋದ ಇನ್ವೈಟ್ (ಕರೆ ಕೋರಿಕೆ) ಒಳಗೆ ಬರುವುದೇ ಇಲ್ಲ. ಅದಕ್ಕೇ ಆರ್‌ಎಫ್‌ಸಿ 3327 ಎಂಬ ಇಂಟರ್ನೆಟ್ ಮಾನದಂಡದ ಪಾತ್ ಹೆಡರ್ (ಫೋನ್ ಯಾವ ಎಡ್ಜ್ ಮೂಲಕ ಬಂತೆಂಬ ಗುರುತು) ಸೇರಿಸಿದ್ದೇವೆ. ರಿಜಿಸ್ಟ್ರಾರ್‌ನಲ್ಲಿ ಆ ಗುರುತನ್ನು ಬಳಸುವ ಯೂಸ್ ಪಾತ್ ಆಯ್ಕೆ ಕೂಡ ಆನ್ ಇದೆ. ಈಗ ಇನ್ವೈಟ್ ಸರಿಯಾದ ಎಡ್ಜ್‌ಗೇ ಬರುತ್ತದೆ. ಆದರೆ ಅಲ್ಲಿಂದ, ಫೋನ್ ತಾನೇ ಹೇಳಿಕೊಂಡ ವಿಳಾಸವಾದ ಕಾಂಟ್ಯಾಕ್ಟ್‌ನಲ್ಲಿರುವ 192.168 ವಿಳಾಸಕ್ಕೆ (ಮನೆಯೊಳಗೆ ಮಾತ್ರ ಕೆಲಸ ಮಾಡುವಂಥದ್ದು) ಹೊರಡುತ್ತದೆ. ಕೊನೆಗೆ ಉತ್ತರ ಬಾರದೆ 408 ಟೈಮ್‌ಔಟ್. ಹೊರಹೋಗುವ ಕರೆಗಳಲ್ಲಿ ಎರಡೂ ಕಡೆ ಧ್ವನಿ ಚೆನ್ನಾಗಿದೆ, ಹಾಗಾಗಿ ಆರ್‌ಟಿಪಿ (ಧ್ವನಿ ಸಾಗಿಸುವ ವಿಧಾನ) ಮೇಲೆ ಅನುಮಾನವಿಲ್ಲ.

ಪಾತ್ ಜೊತೆ ರಿಸೀವ್ಡ್ ವಿಳಾಸವನ್ನೂ (ಫೋನಿನ ಸಂದೇಶ ನಿಜವಾಗಿ ಬಂದ ಹೊರಗಿನ ವಿಳಾಸ) ಸೇರಿಸಿ, ಎಡ್ಜ್‌ನಲ್ಲಿ ಯೂಸ್ ರಿಸೀವ್ಡ್ ಆನ್ ಮಾಡಿದರೆ ಸಾಕೇ? ಅಥವಾ ಆರ್‌ಎಫ್‌ಸಿ 5626 ಹೇಳುವ, ಫೋನೇ ತೆರೆದಿಟ್ಟ ಸಂಪರ್ಕದಲ್ಲೇ ಕರೆ ಕಳಿಸುವ ಔಟ್‌ಬೌಂಡ್‌ಗೆ ಹೋಗುವುದೇ ಒಳ್ಳೆಯದೇ? ಕೆಲವು ಹಳೆಯ ಆ್ಯಪ್‌ಗಳಿಗೆ ಅದು ಗೊತ್ತಿಲ್ಲ, ನಮಗೆ ಅದೇ ಚಿಂತೆ.

ಹುಳು ಹಣ್ಣಾಗುವ (ಗೂಡು ಕಟ್ಟಲು ಸಿದ್ಧವಾಗುವ) ಹೊತ್ತಿನಲ್ಲಿ ಕರೆ ಜಾಸ್ತಿ. ಆಗ ಒಂದು ಕರೆ ತಪ್ಪಿದರೂ ರೈತರಿಗೆ ನಷ್ಟ. ಇಂಥ ಸೆಟಪ್ ನಡೆಸಿದವರು ದಯವಿಟ್ಟು ತಿಳಿಸಿ. ಸಿಪ್ ಟ್ರೇಸ್ (ಸಂದೇಶಗಳ ದಾಖಲೆ) ಬೇಕೆಂದವರಿಗೆ ನಂಬರ್ ಮರೆಮಾಡಿ ಕಳಿಸುತ್ತೇನೆ.