ಹಳೇ ಏರಿ ಜಿನುಗುತ್ತಿದೆ: ರಿಪೇರಿ ಮಾಡಿಸಿದವರು, ಒಡೆಸಿದವರು ಅನುಭವ ಹೇಳಿ

ಹೊಸ ಪಾಲುದಾರ: ಕೆಲವು ಮನೆಯವರು ಸೇರಿ ಒಂದು ಸಣ್ಣ ಕಟ್ಟೆ ನೋಡಿಕೊಳ್ಳುತ್ತೇವೆ. ಈಜು, ದೋಣಿ, ಗಾಳ, ಇಷ್ಟಕ್ಕೇ ಇರುವುದು. ಮಣ್ಣಿನ ಏರಿ, ಎತ್ತರ ಸುಮಾರು 6 ಮೀಟರ್. ಹಿಂಬದಿಯ ಬುಡದಲ್ಲಿ ಒಂದು ಜಾಗ ಯಾವಾಗಲೂ ಹಸಿ. ಏರಿ ಮೇಲೆ ಮರಗಳಿವೆ, ತೂಬಿನ ಪೈಪ್ ತುಕ್ಕು ಹಿಡಿದಿದೆ, ಮೀನು ಹೋಗದ ಹಾಗೆ ಕೋಡಿಗೆ ಬಲೆ ಕಟ್ಟಿದ್ದಾರೆ. ರಿಪೇರಿ ಮಾಡಿಸುವುದಾ, ನೀರಿನ ಮಟ್ಟ ಇಳಿಸಿ ಇಟ್ಟುಕೊಳ್ಳುವುದಾ, ಒಡೆಸಿಬಿಡುವುದಾ?

ತೂಬಿನವ: ಪೈಪ್ ಬದಲಾಯಿಸಿದವನು ನಾನು, ಕೇಳಿ. ನಮ್ಮದೂ ಸುಕ್ಕುಗಟ್ಟಿದ ಉಕ್ಕಿನ ಪೈಪ್. ಹೊರಗಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಒಳಗೆ ಕ್ಯಾಮೆರಾ ಬಿಟ್ಟರೆ ತಳವೇ ಇಲ್ಲ, ಏರಿಯ ಮಣ್ಣು ಅದರೊಳಗೆ ಉದುರುತ್ತಿತ್ತು. ಕಂಟ್ರಾಕ್ಟರ್ ಕೊಟ್ಟ ಅಂದಾಜು ಬರೀ ಪೈಪಿನದು. ನೀರು ಖಾಲಿ ಮಾಡುವುದು ಬೇರೆ, ಪಂಪ್ ಬಾಡಿಗೆ ಬೇರೆ, ಡೀಸೆಲ್ ಬೇರೆ, ರಾತ್ರಿ ಪಂಪ್ ಕಾಯುವವನ ಕೂಲಿ ಬೇರೆ, ಹೂಳು ಸಾಗಿಸುವುದು ಬೇರೆ, ಆ ಹೂಳನ್ನು ಎಲ್ಲೆಂದರಲ್ಲಿ ಸುರಿಯುವ ಹಾಗಿಲ್ಲ ಅಂತ ಅದರ ಪರೀಕ್ಷೆಯ ಖರ್ಚು ಬೇರೆ. ತಾತ್ಕಾಲಿಕ ಒಡ್ಡು ಒಂದೇ ಮಳೆಗೆ ಕೊಚ್ಚಿಕೊಂಡು ಹೋಯಿತು, ಅದಕ್ಕೂ ಮತ್ತೆ ದುಡ್ಡು. ಕೊನೆಗೆ ಅಂದಾಜಿನ ಎರಡೂವರೆ ಪಟ್ಟು ಆಯಿತು, ಅದರಲ್ಲಿ ಪೈಪಿನ ಪಾಲು ಐದರಲ್ಲಿ ಒಂದೂ ಇಲ್ಲ. ಆದರೂ ಮಾಡಿಸಿದ್ದು ಸರಿ. ಪೈಪಿನ ಗುಂಟ ನೀರು ಬರದ ಹಾಗೆ ಸುತ್ತ ಕಾಂಕ್ರೀಟ್ ಕಾಲರ್ (ಅಡ್ಡ ಪಟ್ಟಿ) ಹಾಕುತ್ತೇವೆ ಅಂದರೆ ಒಪ್ಪಬೇಡಿ. ಅದರ ಮೂಲೆಗಳಲ್ಲಿ ಮಣ್ಣಿಗೆ ದಮ್ಮಸು ಸರಿಯಾಗಿ ಬೀಳುವುದಿಲ್ಲ, ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಮರಳಿನ ಫಿಲ್ಟರ್ ಹಾಕಿಸಿ. ನೀರು ಬಂದರೂ ಮಣ್ಣು ಬರುವುದಿಲ್ಲ.

ಹಳ್ಳ ಬಿಟ್ಟವಳು: ಎರಡೂವರೆ ಪಟ್ಟು ಕೊಟ್ಟು ಹೆಮ್ಮೆ ಬೇರೆ! ನಾವು ಒಡೆಸಿದೆವು. ಅದೂ ಅಗ್ಗ ಅಂತ ಯಾರೂ ಅಂದುಕೊಳ್ಳಬೇಡಿ. ಜೆಸಿಬಿ ತಂದು ಕತ್ತರಿಸಿದರೆ ಮುಗಿಯುವ ಕೆಲಸ ಅಲ್ಲ. ಮೊದಲು ಬಂದವನು ಅವಸರದಲ್ಲಿ ನೀರು ಇಳಿಸಿದ, ನೀರಿನ ಕಡೆಯ ಇಳಿಜಾರು ಇಡಿಯಾಗಿ ಜಾರಿತು. ನೀರು ಹೋದರೂ ಏರಿಯ ಮಣ್ಣು ತುಂಬಾ ದಿನ ನೆನೆದೇ ಇರುತ್ತದೆ, ಆನಿಸಿಕೊಳ್ಳಲು ಆ ಕಡೆ ಏನೂ ಇರುವುದಿಲ್ಲ. ಎರಡನೆಯವರು ಸ್ವಲ್ಪಸ್ವಲ್ಪವೇ ಕತ್ತರಿಸುತ್ತಾ ಬಂದರು. ಹೂಳು ಕೆಳಗಿನ ಸೇತುವೆಗೆ ಹೋಗದ ಹಾಗೆ ತಡೆ ಕಟ್ಟಿದ್ದಕ್ಕೇ ಒಡೆಯುವುದಕ್ಕಿಂತ ಜಾಸ್ತಿ ಖರ್ಚಾಯಿತು. ದೋಣಿ ಇಟ್ಟುಕೊಂಡಿದ್ದ ಇಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮಾತಾಡದಿದ್ದರೆ ಬೇಡ. ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಏರಿ ಮೇಲೆ ಓಡಾಡುವ ಕೆಲಸ ತಪ್ಪಿತಲ್ಲ.

ಮರ ಕಡಿಸಿದವ: ಮರಗಳ ಬಗ್ಗೆ ಯಾರೂ ಹೇಳುತ್ತಿಲ್ಲ. ಹಿಂದಿನ ಸಮಿತಿಯವರು ನಮ್ಮ ಏರಿಯ ದೊಡ್ಡ ಮರಗಳನ್ನು ಬುಡಕ್ಕೆ ಕಡಿದು ಬೇರು ಹಾಗೇ ಬಿಟ್ಟಿದ್ದರು. ಕೆಲವು ವರ್ಷಕ್ಕೆ ಬೇರು ಕೊಳೆತು ಟೊಳ್ಳಾಯಿತು, ಪ್ರಾಣಿಗಳು ಅದೇ ಜಾಗ ಹಿಡಿದು ಬಿಲ ತೋಡಿದವು. ನೀರು ಇಳಿಸಿ, ಬೊಡ್ಡೆ ಬೇರು ಎಲ್ಲಾ ಕಿತ್ತು, ಜೇಡಿಮಣ್ಣು ಪದರ ಪದರವಾಗಿ ತುಂಬಿ ದಮ್ಮಸು ಮಾಡಿಸಿದ್ದು ನಾನು. ಜೇಡಿಮಣ್ಣಿನ ಮೊದಲ ಲೋಡು ಅರ್ಧ ಕಲ್ಲು, ವಾಪಸ್ ಕಳಿಸಿದೆ. ಎರಡನೆಯದು ಒದ್ದೆ, ಅದೂ ವಾಪಸ್.

ನೆರಳು ಬೇಕು: ಸುಮ್ನೆ ಹೆದರಿಸುತ್ತೀರಿ. ಬೇರು ಮಣ್ಣು ಹಿಡಿದಿರುತ್ತದೆ ಅಲ್ವಾ? ನಮ್ಮ ಏರಿ ಮೇಲಿನ ಮರಗಳು ನನಗಿಂತ ಹಳೆಯವು, ಏನೂ ಆಗಿಲ್ಲ.

ಮರ ಕಡಿಸಿದವ: ಸ್ವಾಮಿ, ಗಾಳಿಗೆ ಮರ ಬಿದ್ದರೆ ಬೇರಿನ ಜೊತೆ ಏರಿಯ ಒಂದು ಪಾಲೇ ಎದ್ದು ಬರುತ್ತದೆ. ಆಗ ನಿಮ್ಮ ನೆರಳಲ್ಲಿ ನೀವೇ ಕೂತಿರಿ.

ಕೋಡಿ ಕಾವಲು: ಮರದ ಜಗಳ ಆಮೇಲೆ ಆಡಿ. ಅವರು ಕೋಡಿಗೆ ಬಲೆ ಕಟ್ಟಿದ್ದೇವೆ ಅಂದದ್ದು ಯಾರಿಗೂ ಕಾಣಲಿಲ್ಲವಾ? ಅಮೆರಿಕದ ಸೌತ್ ಫೋರ್ಕ್ ಅಣೆಕಟ್ಟು ಸಹ ಮೋಜಿಗೇ ಇದ್ದದ್ದು, ಮೀನು ಹಿಡಿಯುವ, ಬೇಟೆ ಆಡುವ ಕ್ಲಬ್ಬಿನದು. ಮೀನು ಹೋಗಬಾರದು ಅಂತ ಕೋಡಿಗೆ ಜಾಲರಿ ಹಾಕಿದ್ದರು. ಗಾಡಿ ಓಡಾಡಲಿ ಅಂತ ಏರಿಯ ತಲೆ ತಗ್ಗಿಸಿದ್ದರು. ತಳದ ಪೈಪುಗಳನ್ನು ಹಿಂದಿನ ಮಾಲೀಕ ಮೊದಲೇ ಕಿತ್ತು ಮಾರಿದ್ದ, ಹಾಗಾಗಿ ನೀರು ಇಳಿಸಲು ಬೇರೆ ದಾರಿಯೇ ಇರಲಿಲ್ಲ. 1889ರ ಮೇ 31ರಂದು ಜೋರು ಮಳೆಗೆ ಜಾಲರಿಗೆ ಕಸ ಕಟ್ಟಿತು, ನೀರು ಏರಿ ಮೇಲೆ ಹರಿಯಿತು, ಏರಿ ಹೋಯಿತು. ಕೆಳಗಿದ್ದ ಜಾನ್ಸ್‌ಟೌನ್ ಊರಿನ ಕಡೆ 2,209 ಜನ ಸತ್ತರು. ಮಣ್ಣಿನ ಏರಿ ಒಳಗೆ ಒಸರುವುದನ್ನು ಸ್ವಲ್ಪ ಕಾಲ ತಡೆದೀತು, ತಲೆ ಮೇಲೆ ಹರಿಯುವುದನ್ನು ತಡೆಯುವುದಿಲ್ಲ.

ನೆರಳು ಬೇಕು: ಅದು 22 ಮೀಟರ್ ಎತ್ತರ, ಇವರದು 6. ಎಲ್ಲಿಗೆ ಎಲ್ಲಿ ಹೋಲಿಕೆ!

ಕೋಡಿ ಕಾವಲು: ಸಣ್ಣದು ಬೇಕಾ? ಅಮೆರಿಕದ್ದೇ ಜಾರ್ಜಿಯಾ ರಾಜ್ಯದ ಕೆಲ್ಲಿ ಬಾರ್ನ್ಸ್ ಅಣೆಕಟ್ಟು, ಹೆಚ್ಚುಕಡಿಮೆ 12 ಮೀಟರ್. ವಿದ್ಯುತ್ ತೆಗೆಯುವುದು ನಿಂತ ಮೇಲೆ ಬರೀ ವಿಹಾರದ ಕೆರೆ. 1977ರ ನವೆಂಬರ್ 6, ನಡುರಾತ್ರಿ ಕಳೆದ ಮೇಲೆ ಒಡೆಯಿತು. 39 ಜನ ಸತ್ತರು. ಎತ್ತರ ಕೇಳಬೇಡಿ, ಕೆಳಗೆ ಯಾರು ಮಲಗಿದ್ದಾರೆ ಅಂತ ಕೇಳಿ.

ತೂಬಿನವ: ಇತಿಹಾಸ ಸಾಕು. ಹಸಿ ಜಾಗದ ನೀರು ತಿಳಿಯಾಗಿದ್ದರೆ ಅಳೆಯುತ್ತಾ ಇರಿ, ವಿ ಆಕಾರದ ಕಚ್ಚು ಮಾಡಿದ ಹಲಗೆ ನೆಟ್ಟು, ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತದೆ ಅಂತ ನೋಡಿದರೆ ಸಾಕು. ಕೆಂಪಾಗಿ ಬಂದರೆ ಏರಿ ಒಳಗಿಂದ ಕರಗುತ್ತಿದೆ ಅಂತ ಅರ್ಥ. ಆಗ ಕೆಳಗಿನವರಿಗೆ ಹೇಳಿ, ಎಂಜಿನಿಯರಿಗೆ ಫೋನ್ ಮಾಡಿ, ಇಲ್ಲಿ ಬರೆಯುತ್ತಾ ಕೂರಬೇಡಿ.

ಹಳ್ಳ ಬಿಟ್ಟವಳು: ಅಳೆಯುತ್ತಾ ಇರಿ ಅಂತೆ! ನಮ್ಮವರೂ ಅಳೆದರು, ಪುಸ್ತಕ ತುಂಬಿತು, ಅದನ್ನು ಓದುವವರು ಇರಲಿಲ್ಲ. ನಿಮ್ಮ ಹೊಸ ಪೈಪಿಗೂ ಮುಂದೆ ವಯಸ್ಸಾಗುತ್ತದೆ, ಆಗ ದುಡ್ಡು ಕೊಡುವವರು ಯಾರು?

ತೂಬಿನವ: ಕೊಡುವ ಮನಸ್ಸಿಲ್ಲದವರು ಒಡೆಸುತ್ತಾರೆ, ಗೊತ್ತಿದೆ.

ಹಳ್ಳ ಬಿಟ್ಟವಳು: ನಾನು ಕೊಟ್ಟ ದುಡ್ಡಿನ ಲೆಕ್ಕ ಮೇಲೆ ಇದೆ, ಓದಿ ಮಾತಾಡಿ.

ಹೊಸ ಪಾಲುದಾರ: ದಯವಿಟ್ಟು ಜಗಳ ಬೇಡ. ಬಲೆ ತೆಗೆಯೋಣ ಅಂದೆ. ಮೀನು ಬಿಟ್ಟವರು ಮರಿಗಳ ದುಡ್ಡು ವಾಪಸ್ ಕೇಳುತ್ತಿದ್ದಾರೆ.

ಕೋಡಿ ಕಾವಲು: ಕೊಟ್ಟುಬಿಡಿ. ಮಳೆಗಿಂತ ಮೊದಲು ಬಲೆ ಬಿಚ್ಚಿ.

ಮರ ಕಡಿಸಿದವ: ಮತ್ತೆ ಮರ?