ನಳ್ಳಿಗೆ ಬೀಗ ಹಾಕಿದವರು ಯಾರು?

(ಮಂಗಳೂರಿನ ಒಂದು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ)

ಟೀಚರ್ (ಬಾವಿಕಟ್ಟೆ ಮನೆ):
ಪಾರ್ಕಿನ ನಳ್ಳಿಗೆ ಬೀಗ ಹಾಕಿದವರು ಯಾರು? ನನಗೆ ಉತ್ತರ ಬೇಕು. ನಿನ್ನೆ ರಾತ್ರಿ ಆ ಜೋರು ಮಳೆಯಲ್ಲಿ ಹಳೆ ರೇಷನ್ ಅಂಗಡಿ ಜಗಲಿಯಲ್ಲಿ ಮಲಗುವ ಹೆಂಗಸು ನಳ್ಳಿ ಹತ್ತಿರ ಬಂದಿದ್ದರು. ಸೀರೆ ಹಿಂದೆಲ್ಲ ರಕ್ತ. ನಳ್ಳಿ ತಿರುಗಿಸಿದರೆ ತಿರುಗುವುದಿಲ್ಲ, ತಂತಿ ಸುತ್ತಿ ಬೀಗ. ಕೊನೆಗೆ ಪ್ರಭು ಮಾಮನ ಮಾಡಿನಿಂದ ಇಳಿಯುವ ನೀರಿಗೆ ಸೆರಗು ಹಿಡಿದು ತೊಳೆದುಕೊಳ್ಳುತ್ತಿದ್ದರು. ಆಗ ಯಾರೋ ಬಾಲ್ಕನಿಯಿಂದ ಟಾರ್ಚ್ ಬಿಟ್ಟು "ಹೋಗಾಚೆ" ಅಂತ ಬೊಬ್ಬೆ ಹಾಕಿದರು. ಟಾರ್ಚ್ ಬಿಟ್ಟದ್ದು ಮುಖಕ್ಕೂ ಅಲ್ಲ, ಸೀರೆಗೆ. ನಾನು ಕೊಡೆ ಹಿಡಿದು ಕೆಳಗೆ ಬರುವಾಗ ಅವರು ಓಡಿ ಆಗಿತ್ತು. ನಮ್ಮ ಮನೆ ಹೆಣ್ಣುಮಕ್ಕಳ ಮೇಲೆ ಹೀಗೆ ಬೆಳಕು ಬಿಟ್ಟರೆ ಸುಮ್ನೆ ಇರುತ್ತೀರಾ?

ಶೆಟ್ರು (ಕಾರ್ನರ್):
ಬೀಗ ಹಾಕಿಸಿದ್ದು ನಾನು. ಮೀಟಿಂಗಲ್ಲಿ ಹೇಳಿಯೇ ಹಾಕಿಸಿದ್ದು. ಕಳೆದ ಬೇಸಿಗೆಯಲ್ಲಿ ಆದದ್ದು ಎಲ್ಲರಿಗೂ ಮರೆತುಹೋಯಿತಾ? ನಮ್ಮ ನಗರಕ್ಕೆ ನೀರು ಬರುವ ತುಂಬೆ ಡ್ಯಾಮಿನಲ್ಲಿ ನೀರು ಕಡಿಮೆ ಅಂತ ದಿನ ಬಿಟ್ಟು ದಿನ ಬಿಡುತ್ತಿದ್ದರು. ಇಲ್ಲಿ ನೋಡಿದರೆ ರಾತ್ರಿಯಿಡೀ ನಳ್ಳಿ ಹರಿಯುತ್ತಿತ್ತು.

ಬಾಯಮ್ಮ (ಮಾವಿನ ಮರದ ಮನೆ):
ಹರಿಯಲು ಬಿಟ್ಟದ್ದು ಜಗಲಿಯವರಲ್ಲ ಶೆಟ್ರೇ. ಕಾರು ತೊಳೆಯುವವರು. ಯಾರ ಕಾರು ಅಂತಲೂ ಹೇಳಬೇಕಾ?

ಶೆಟ್ರು (ಕಾರ್ನರ್):
ಹೇಳಿ. ಹೆಸರು ಹಿಡಿದೇ ಹೇಳಿ.

ಪ್ರಭು ಮಾಮ್:
🌹🙏 ಶುಭೋದಯ 🙏🌹 ಈ ದಿನ ಎಲ್ಲರಿಗೂ ಒಳ್ಳೆಯದಾಗಲಿ

ನರ್ಸ್ ಅಕ್ಕ (3ನೇ ಕ್ರಾಸ್):
ಜಗಳ ಆಮೇಲೆ ಮಾಡಿ. ಆ ಹೆಂಗಸಿಗೆ ಇವತ್ತೇ ಬೇಕಾದ್ದು ಪ್ಯಾಡ್, ಒಳಉಡುಪು, ಒಂದು ಜತೆ ಒಣ ಬಟ್ಟೆ. ಜನೌಷಧಿಯಲ್ಲಿ ಸುವಿಧಾ ಪ್ಯಾಡನ್ನು 2019ರಲ್ಲೇ ಒಂದಕ್ಕೆ 1 ರೂಪಾಯಿಗೆ ಇಳಿಸಿದ್ದಾರೆ, ದೊಡ್ಡ ಖರ್ಚೇನಲ್ಲ. ಆದರೆ ಒಳಉಡುಪು ಇಲ್ಲದೆ ಬರೀ ಪ್ಯಾಡ್ ಕೊಟ್ಟರೆ ಅದು ನಿಲ್ಲುವುದು ಎಲ್ಲಿ? ಕೊಡುವವರಿಗೆ ಇದು ಹೊಳೆಯುವುದೇ ಇಲ್ಲ. ಬಟ್ಟೆ ಬಳಸುವವರಾದರೆ ಒಗೆಯಲು ನೀರು ಬೇಕು, ಬಿಸಿಲಿಗೆ ಹಾಕಲು ಜಾಗ ಬೇಕು. ನಾಲ್ಕು ಜನ ನೋಡುವ ಜಗಲಿಯಲ್ಲಿ ಆ ಬಟ್ಟೆಯನ್ನು ಯಾರು ಒಣಹಾಕುತ್ತಾರೆ? ಮಡಚಿ ಚೀಲದೊಳಗೆ ಇಡುತ್ತಾರೆ, ಹಸಿಯಾಗಿಯೇ ಮತ್ತೆ ಉಡುತ್ತಾರೆ, ಹುಣ್ಣಾಗುತ್ತದೆ. ಕಾಲು ಒಡೆದವರು ಈ ಕೊಳಚೆ ನೀರಲ್ಲಿ ನಡೆದರೆ ಇಲಿಜ್ವರದ ಭಯ ಬೇರೆ. ಕಜ್ಜಿ ಇದ್ದವರಿಗೆ ಸೋಪು ಸಾಲದು. ಮುಲಾಮು ಬೇಕು, ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು, ಹತ್ತಿರ ಮಲಗುವವರಿಗೂ ಒಟ್ಟಿಗೇ ಮದ್ದು ಆಗಬೇಕು. ಇಲ್ಲದಿದ್ದರೆ ಪುನಃ ಬರುತ್ತದೆ. ವೆನ್ಲಾಕ್ ಸರಕಾರಿ ಆಸ್ಪತ್ರೆಗೆ ನಾನೇ ಜೊತೆಗೆ ಹೋಗುತ್ತೇನೆ.

ಸಾಹೇಬ್ರು (ಫ್ಯಾನ್ಸಿ ಅಂಗಡಿ):
ಬೈರಾಸು (ಟವೆಲ್), ಬಾಚಣಿಗೆ, ಉಗುರು ಕಟ್ಟರ್ ನನ್ನ ಕಡೆಯಿಂದ. ಗಂಡಸರಿಗೆ ಶೇವಿಂಗ್ ಸೆಟ್ಟೂ ಕೊಡುವ. ಬಂದರಿನ ದಕ್ಕೆಯಲ್ಲಿ ಕೆಲಸ ಕೇಳಲು ಹೋದರೆ ಮೊದಲು ಮುಖ ನೋಡುತ್ತಾರೆ.

ಶೆಟ್ರು (ಕಾರ್ನರ್):
ಒಬ್ಬರಿಗೆ ಕೊಟ್ಟರೆ ಇಡೀ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡ್ ನಮ್ಮ ಜಗಲಿಗೆ ಬರುತ್ತದೆ, ಬರೆದಿಟ್ಟುಕೊಳ್ಳಿ. ಇವರೆಲ್ಲ ಘಟ್ಟದ ಮೇಲಿನವರು. ಟಿಕೆಟ್ ತೆಗೆದು ಊರಿಗೆ ಕಳಿಸಿ, ದುಡ್ಡು ನಾನು ಕೊಡುತ್ತೇನೆ.

ಬಾಯಮ್ಮ (ಮಾವಿನ ಮರದ ಮನೆ):
ನಿಮ್ಮ ಮಾವ ಬಾಂಬೆಗೆ ಹೋದ ಹೊಸತರಲ್ಲಿ ಹೋಟೆಲ್ ಬೆಂಚಿನ ಮೇಲೆ ಮಲಗುತ್ತಿದ್ದರು ಅಂತ ನೀವೇ ಹೇಳಿದ್ದಲ್ವಾ? ಅವರನ್ನು ಯಾರಾದರೂ ಟಿಕೆಟ್ ಕೊಟ್ಟು ವಾಪಸ್ ಕಳಿಸಿದ್ದರೆ?

ಶೆಟ್ರು (ಕಾರ್ನರ್):
ಮನೆಯವರನ್ನು ಮಧ್ಯ ಎಳೆಯಬೇಡಿ ಬಾಯಮ್ಮ. ಅಡ್ಮಿನ್, ನೋಡ್ತಾ ಇದ್ದೀರಾ?

ವಕೀಲರು:
ಒಂದು ವಿಷಯ. ಎಲ್ಲರೂ ಮನೆ ತೆರಿಗೆ ರಶೀದಿ ತೆಗೆದು ನೋಡಿ. ಅದರಲ್ಲಿ ಭಿಕ್ಷುಕರ ಕರ ಶೇಕಡಾ 3 ಉಂಟು, 1975ರ ಕಾಯ್ದೆಯ ಪ್ರಕಾರ. ಆ ಕಾಯ್ದೆ ಬೇಡುವವರನ್ನು ಹಿಡಿದು ಪಚ್ಚನಾಡಿಯಲ್ಲಿರುವಂಥ ಭಿಕ್ಷುಕರ ಕೇಂದ್ರಕ್ಕೆ ಸೇರಿಸುವುದಕ್ಕೆ. ಜಗಲಿಯಲ್ಲಿ ಮಲಗುವವರೆಲ್ಲ ಬೇಡುವವರಲ್ಲ. ಈ ಹೆಂಗಸು ಕ್ಯಾಂಟೀನಲ್ಲಿ ಪಾತ್ರೆ ತೊಳೆಯುತ್ತಾರೆ. ಮನೆಯಿಲ್ಲದವರ ಲೆಕ್ಕ ಬೇರೆ. ಕೇಂದ್ರ ಸರಕಾರದ ನಗರ ಜೀವನೋಪಾಯ ಅಭಿಯಾನದ (ಅದರ ಅವಧಿ 2024ರಲ್ಲಿ ಮುಗಿಯಿತು) ನಿಯಮದಲ್ಲಿ ಬರೆದಿದ್ದದ್ದು: 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಆಶ್ರಯ, ತಲೆಗೆ 50 ಚದರ ಅಡಿ ಜಾಗ, ಜೊತೆಗೆ ನೀರು, ಸ್ನಾನದ ಮನೆ, ಶೌಚಾಲಯ. 2011ರ ಜನಗಣತಿಯಲ್ಲೇ ನಮ್ಮ ನಗರದಲ್ಲಿ 4 ಲಕ್ಷಕ್ಕಿಂತ ಜಾಸ್ತಿ ಜನ. ಅಂದರೆ 400 ಜನರಿಗಾದರೂ ಬೇಕು. ಅರ್ಜಿ ನಾನು ಬರೆಯುತ್ತೇನೆ.

ಪ್ರಭು ಮಾಮ್:
ಫಾರ್ವರ್ಡ್ ಆಗಿ ಬಂದದ್ದು 👉 1867ರ ಸರಾಯ್ (ತಂಗುಮನೆ) ಕಾಯ್ದೆ ಪ್ರಕಾರ ಯಾವ ಪಂಚತಾರಾ ಹೋಟೆಲಿನವರೂ ಶೌಚಾಲಯಕ್ಕೆ ಬಂದವರನ್ನು ತಡೆಯುವಂತಿಲ್ಲ!! ಎಲ್ಲರಿಗೂ ಕಳಿಸಿ!!

ವಕೀಲರು:
ಮಾಮ್, ಆ ಕಾಯ್ದೆಯಲ್ಲಿ ಶೌಚಾಲಯದ ಹಕ್ಕು ಅಂತ ಎಲ್ಲೂ ಇಲ್ಲ. ದಯವಿಟ್ಟು ಅಳಿಸಿ. ನಂಬಿ ಹೋದವರಿಗೆ ಅವಮಾನ ಆಗುತ್ತದೆ.

ಯೂತ್ ಕ್ಲಬ್ ತಮ್ಮ:
ಬ್ಯಾನರ್ ನಾನು ಮಾಡಿಸುತ್ತೇನೆ. ಬಡಾವಣೆ ಹೆಸರು ದೊಡ್ಡದಾಗಿ ಹಾಕುವ. ಈ ಸಾಮಾನಿನ ಚೀಲ ಕೊಡುವ ಫೋಟೋ ಪೇಪರಿಗೂ ಕಳಿಸಬಹುದು.

ಟೀಚರ್ (ಬಾವಿಕಟ್ಟೆ ಮನೆ):
ಫೋಟೋ ಬೇಡ ತಮ್ಮ. ಪ್ಯಾಡ್ ತೆಗೆದುಕೊಳ್ಳುವ ಹೆಂಗಸಿನ ಮುಖ ಪೇಪರಿನಲ್ಲಿ ಬಂದರೆ ಅವರು ನಾಳೆ ಕ್ಯಾಂಟೀನಿಗೆ ಹೇಗೆ ಹೋಗುವುದು? ಹೆಂಗಸರ ಚೀಲ ಹೆಂಗಸರೇ ಕೊಡುವ. ಮೊದಲು ಏನು ಬೇಕು ಅಂತ ಕೇಳುವ. ಮತ್ತೆ, ಚೀಲ ಕೊಟ್ಟ ಕೂಡಲೇ ಮುಗಿಯುವುದಿಲ್ಲ. ಸೋಪು ಕೊಟ್ಟು ನೀರಿಗೆ ಬೀಗ ಹಾಕಿದರೆ ಏನು ಪ್ರಯೋಜನ? ಬಸ್‌ಸ್ಟಾಪಿನ ಶೌಚಾಲಯವನ್ನು ರಾತ್ರಿ ಮುಚ್ಚುತ್ತಾರೆ, ಸ್ನಾನಕ್ಕೆ ದುಡ್ಡು ಬೇರೆ. ವಹಿಸಿಕೊಂಡವರ ಹತ್ತಿರ ಮಾತಾಡಿ, ತಿಂಗಳಿಗೆ ಇಷ್ಟು ಅಂತ ನಾವು ಕಟ್ಟಿ ಅವರಿಗೆ ಒಳಗೆ ಹೋಗುವ ಚೀಟಿ ಮಾಡಿಸಿದರೆ, ಬಾಗಿಲು ಹಾಕಿಕೊಂಡು ನೆಮ್ಮದಿಯಲ್ಲಿ ಮೈ ತೊಳೆದುಕೊಳ್ಳಬಹುದು.

ಶೆಟ್ರು (ಕಾರ್ನರ್):
ಸರಿ. ನಳ್ಳಿ ಬೆಳಿಗ್ಗೆ 5ರಿಂದ 7 ತೆರೆಯಲಿ. ನಾನು ಕಲ್ಲು ಮನಸ್ಸಿನವನಲ್ಲ. ಆದರೆ ಜವಾಬ್ದಾರಿ ಯಾರದ್ದು? ಕೀ ಅಡ್ಮಿನ್ ಹತ್ತಿರ ಉಂಟು.

ಅಡ್ಮಿನ್:
ನನ್ನ ಹತ್ತಿರ ಇಲ್ಲ. ನೀವು ಪಂಪಿನವನಿಗೆ ಕೊಟ್ಟದ್ದು. ಅವನಿಗೆ ಈಗ ಫೋನ್ ಮಾಡಿದೆ. ನಳ್ಳಿಯ ಬುಡದಲ್ಲಿ ಪೈಪ್ ಒಡೆದಿದೆಯಂತೆ. ಚರಂಡಿ ನೀರು ಲೈನಿಗೆ ಸೇರುತ್ತಿರಬೇಕು ಅಂತ ಹೇಳಿದ.

ಶೆಟ್ರು (ಕಾರ್ನರ್):
ನಮ್ಮ ಮನೆಗೆ ಕೆಂಪು ನೀರು ಬರುವುದು ಅದಕ್ಕೇ! ಮಾರಾಯ್ರೆ, ಎಷ್ಟು ದಿನದಿಂದ ಹೇಳ್ತಾ ಇದ್ದೇನೆ!

ಸಾಹೇಬ್ರು (ಫ್ಯಾನ್ಸಿ ಅಂಗಡಿ):
ನಮ್ಮಲ್ಲೂ ವಾಸನೆ ಉಂಟು. ಮಕ್ಕಳಿಗೆ ಹೊಟ್ಟೆ ಸರಿ ಇಲ್ಲ.

3ನೇ ಕ್ರಾಸ್ ಆಂಟಿ:
ಫಿಲ್ಟರ್ ಪೂರಾ ಕಪ್ಪಾಗಿದೆ, ಫೋಟೋ ಹಾಕಿದ್ದೇನೆ ನೋಡಿ.

ನರ್ಸ್ ಅಕ್ಕ (3ನೇ ಕ್ರಾಸ್):
ಎಲ್ಲರೂ ನೀರು ಕುದಿಸಿಯೇ ಕುಡಿಯಿರಿ.

ಟೀಚರ್ (ಬಾವಿಕಟ್ಟೆ ಮನೆ):
ಪೈಪ್ ಸರಿಯಾಗುವವರೆಗೆ ನಮ್ಮ ಗೇಟು ರಾತ್ರಿಯೂ ತೆರೆದಿರುತ್ತದೆ. ಹೊರಗಿನ ಬಚ್ಚಲಲ್ಲಿ ಬಕೆಟ್, ಸೋಪು ಇಟ್ಟಿದ್ದೇನೆ. ಒಳಗಿಂದ ಚಿಲಕ ಉಂಟು. ಚೀಲಕ್ಕೆ ಮತ್ತು ಶೌಚಾಲಯದ ಚೀಟಿಗೆ ಯಾರೆಲ್ಲ ಸೇರುತ್ತೀರಿ, ಕೆಳಗೆ ಹೆಸರು ಹಾಕಿ.

ನರ್ಸ್ ಅಕ್ಕ (3ನೇ ಕ್ರಾಸ್):
ನಾನಿದ್ದೇನೆ. ಪ್ಯಾಡ್ ಸಂಜೆ ತರುತ್ತೇನೆ.

ಬಾಯಮ್ಮ (ಮಾವಿನ ಮರದ ಮನೆ):
ನನ್ನ ಹೆಸರೂ ಹಾಕಿ ಟೀಚರ್. ನೈಟಿ ಹೊಲಿದು ಕೊಡುತ್ತೇನೆ.

ಶೆಟ್ರು (ಕಾರ್ನರ್):
ಮೊದಲು ಪೈಪಿನ ವಿಷಯ ಮುಗಿಸುವ. ಅದು ಎಲ್ಲರ ಆರೋಗ್ಯದ ಪ್ರಶ್ನೆ. ವಕೀಲರೇ, ಅರ್ಜಿ ಬರೆಯುವುದಾದರೆ ಪೈಪಿಗೆ ಬರೆಯಿರಿ, ನಾನೇ ಮನೆ ಮನೆಗೆ ಹೋಗಿ ಸಹಿ ಹಾಕಿಸುತ್ತೇನೆ.

ವಕೀಲರು:
ಎರಡನ್ನೂ ಬರೆಯುತ್ತೇನೆ. ಪೈಪಿನದ್ದು ಇವತ್ತು ಕೊಡುವ.

ಅಡ್ಮಿನ್:
ನಾಳೆ ಬೆಳಿಗ್ಗೆ ಅಗೆಯಲು ಬರುತ್ತಾರಂತೆ. ಕಾರ್ನರಿನಿಂದ ಪಾರ್ಕಿನವರೆಗೆ ಯಾರೂ ಗಾಡಿ ನಿಲ್ಲಿಸಬೇಡಿ.

ಪ್ರಭು ಮಾಮ್:
ಸ್ಕೂಟರ್ ಇಡಬಹುದಾ?