ಹೆಂಡತಿಯ ಜೊತೆ ಕಾರವಾರದ ರಸಮಂಜರಿಗೆ ಹೋಗಬೇಕು. ಕಿವಿಯ ತೊಂದರೆ ಇರುವವನು ಏನು ಮಾಡಬೇಕು?

ಶಿರಸಿ ಕಡೆಯ ಬೆಳೆಗಾರ:

ಈ ಸಲ ಕಾರವಾರದಲ್ಲಿ ಕರಾವಳಿ ಉತ್ಸವ ನಡೆದರೆ ಅಲ್ಲಿಯ ಸಿನಿಮಾ ಹಾಡುಗಳ ರಸಮಂಜರಿಗೆ ಇಬ್ಬರೂ ಹೋಗೋಣ ಎಂದು ನನ್ನ ಹೆಂಡತಿ ಕೇಳಿದ್ದಾಳೆ. ಮದುವೆಯಾಗಿ 27 ವರ್ಷಗಳಲ್ಲಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ತೀರಾ ಕಡಿಮೆ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಹಾಡುವುದನ್ನು ಒಮ್ಮೆಯಾದರೂ ಎದುರಿಗೆ ಕುಳಿತು ಕೇಳಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಅಡಕೆಯ ಕೊನೆಕೊಯ್ಲು ಇದೆ, ಮನೆಯಲ್ಲಿ ಕಾರ್ಯವಿದೆ ಎಂದು ನಾನೇ ಪ್ರತಿ ಸಲವೂ ಮುಂದೆ ಹಾಕುತ್ತ ಬಂದೆ. 2020ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದ ಸಂಜೆ ಅವಳು ರೇಡಿಯೋ ಹಚ್ಚದೆ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದುದನ್ನು ನನಗೆ ಮರೆಯಲು ಆಗಿಲ್ಲ.

ತೊಂದರೆ ಇರುವುದು ನನ್ನಲ್ಲಿ. ಅಡಕೆ ಸುಲಿಯುವ ಯಂತ್ರದ ಪಕ್ಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದರಿಂದ ಎರಡೂ ಕಿವಿಗಳು ಮಂದವಾಗಿವೆ, ಜೋರು ಶಬ್ದ ಕೇಳಿದರೆ ಮುಂದಿನ ಎರಡು ದಿನ ಕಿವಿಯೊಳಗೆ ಗುಂಯ್ ಎನ್ನುತ್ತಿರುತ್ತದೆ. ಇದು ಇಷ್ಟರಮಟ್ಟಿಗೆ ಇದೆ ಎಂದು ಅವಳಿಗೆ ಹೇಳಿಲ್ಲ. ನನ್ನ ಸಲುವಾಗಿ ಅವಳು ಯಕ್ಷಗಾನದ ಎಷ್ಟೋ ರಾತ್ರಿಗಳನ್ನು ಪಕ್ಕದಲ್ಲೇ ಕುಳಿತು ಬೆಳಗು ಮಾಡಿದ್ದಾಳೆ. ಹೀಗಿರುವಾಗ ತಮ್ಮನ ಮಗಳನ್ನು ಜೊತೆ ಮಾಡಿ ಅವಳನ್ನು ಕಳಿಸಿಕೊಡುವುದು ಸರಿಯೇ, ಅಥವಾ ನಾನೂ ಹೋಗಬಹುದೇ? ಹೋಗುವುದಾದರೆ ಎಲ್ಲಿ ಕುಳಿತುಕೊಳ್ಳಬೇಕು?

ಕಾರವಾರದ ಗೃಹಿಣಿ:

ದಯವಿಟ್ಟು ನೀವೇ ಹೋಗಿ. ಅವರು ಕೇಳಿದ್ದು ಹಾಡನ್ನಷ್ಟೇ ಅಲ್ಲ, ನಿಮ್ಮ ಜೊತೆಯನ್ನೂ ಕೇಳಿದ್ದಾರೆ.

ರವೀಂದ್ರನಾಥ ಟಾಗೋರ್ ಕಡಲತೀರದ ಕಾರ್ಯಕ್ರಮಗಳಿಗೆ ನಾನು ಹಲವು ಸಲ ಹೋಗಿದ್ದೇನೆ. ದೊಡ್ಡ ಗಾಯಕರು ವೇದಿಕೆಗೆ ಬರುವುದು ಸ್ಥಳೀಯ ತಂಡಗಳ ಕುಣಿತ, ಭಾಷಣ, ಸನ್ಮಾನ ಎಲ್ಲ ಮುಗಿದ ಮೇಲೆ. ಆದ್ದರಿಂದ ಸಂಜೆಯಿಂದಲೇ ಹೋಗಿ ಕುಳಿತು ದಣಿಯಬೇಡಿ. ಮುಂದಿನ ಸಾಲುಗಳಲ್ಲಿ ಜನ ಮೊಬೈಲ್ ಎತ್ತಿಕೊಂಡು ಎದ್ದು ನಿಲ್ಲುವುದರಿಂದ ಕುಳಿತವರಿಗೆ ಬೆನ್ನುಗಳಷ್ಟೇ ಕಾಣುತ್ತವೆ, ಹಾಗಾಗಿ ಬದಿಯ ಕುರ್ಚಿಗಳೇ ಮೇಲು. ರಾತ್ರಿ ಮರಳು ತಣ್ಣಗಾಗುತ್ತದೆ, ಅವರಿಗೊಂದು ಶಾಲು ಇರಲಿ. ಕಾರ್ಯಕ್ರಮ ಮುಗಿಸಿ ಅದೇ ರಾತ್ರಿ ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವ ಯೋಚನೆ ಬೇಡ. ಕಾರವಾರದಲ್ಲೋ ಅಂಕೋಲೆಯಲ್ಲೋ ಮೊದಲೇ ಕೋಣೆ ಹಿಡಿದಿಡಿ.

ಹೊನ್ನಾವರದ ಧ್ವನಿವರ್ಧಕದವನು:

ಮೇಲಿನವರ ಬೇರೆಲ್ಲ ಮಾತು ಸರಿ, ಬದಿಯ ಕುರ್ಚಿಯ ಮಾತೊಂದನ್ನು ನಾನು ಒಪ್ಪುವುದಿಲ್ಲ. ವೇದಿಕೆಯ ಎರಡೂ ಬದಿಗಳಲ್ಲಿ ಸ್ಪೀಕರುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ, ಅವುಗಳ ಬುಡದಲ್ಲೇ ಬಾಸ್ ಪೆಟ್ಟಿಗೆಗಳಿರುತ್ತವೆ. ಮುಂದಿನ ಬದಿಯಲ್ಲಿ ಕುಳಿತರೆ ಗಾಯಕನ ದನಿಗಿಂತ ಆ ಪೆಟ್ಟಿಗೆಗಳ ಗುದ್ದೇ ಎದೆಗೆ ತಾಗುತ್ತದೆ. ಜನರ ನಡುವೆ ಕಟಕಟೆ ಕಟ್ಟಿ ಮಿಕ್ಸರ್ ಇಟ್ಟಿರುವ ಜಾಗವನ್ನು ನೋಡಿಕೊಂಡು ಅದರ ಹಿಂದೆ ಕುಳಿತುಕೊಳ್ಳಿ. ಆಪರೇಟರ್ ತನ್ನ ಕಿವಿಗೆ ಸರಿಹೊಂದುವಂತೆ ದನಿ, ವಾದ್ಯಗಳನ್ನು ಹದ ಮಾಡುವುದು ಅಲ್ಲಿಂದಲೇ ಆದ್ದರಿಂದ ನಿಮ್ಮ ಮನೆಯವರಿಗೆ ಹಾಡಿನ ಸಾಹಿತ್ಯವೂ ಸ್ಪಷ್ಟವಾಗಿ ಕೇಳುತ್ತದೆ.

ಆದರೆ ದೂರ ಕುಳಿತರೆ ಸಾಕು ಎಂದು ನಂಬಿಕೊಳ್ಳಬೇಡಿ, ತೂಗುಹಾಕಿದ ಸಾಲು ಸ್ಪೀಕರುಗಳ ಶಬ್ದ ದೂರ ಹೋದರೂ ಬೇಗ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಸರಾಸರಿ 100 ಡೆಸಿಬಲ್ ಮಿತಿಯನ್ನು ಸೂಚಿಸಿದೆ. ಕಾರ್ಖಾನೆಯ ಕೆಲಸಗಾರರ ಲೆಕ್ಕದಲ್ಲಿ 85 ಡೆಸಿಬಲ್ ಶಬ್ದವನ್ನು ಎಂಟು ಗಂಟೆ ತಾಳಬಹುದೆಂದಿದ್ದರೆ 100 ಡೆಸಿಬಲ್ಲಿಗೆ ಅದು ಕೇವಲ 15 ನಿಮಿಷ. ಈಗಾಗಲೇ ಪೆಟ್ಟು ತಿಂದಿರುವ ಕಿವಿಗೆ ರಕ್ಷಣೆ ಬೇಕೇ ಬೇಕು. ಹತ್ತಿಯಿಂದ ಪ್ರಯೋಜನವಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಬಿರಡೆಯನ್ನು ಬೆರಳುಗಳ ನಡುವೆ ಹೊಸೆದು ಬತ್ತಿಯಷ್ಟು ಸಪೂರ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಿ, ಅದು ಉಬ್ಬಿ ಕೂರುವವರೆಗೆ ಒತ್ತಿ ಹಿಡಿಯಬೇಕು. ಹಾಡು ಸ್ವಲ್ಪ ಮಂಕಾಗಿ ಕೇಳುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಬಿರಡೆಗಳಲ್ಲಿ ಆ ತೊಂದರೆ ಕಡಿಮೆ, ಬೆಲೆ ಮಾತ್ರ ಹೆಚ್ಚು. ಹೋಗುವ ಮುನ್ನ ಕಿವಿಯ ವೈದ್ಯರನ್ನು ಒಮ್ಮೆ ಕೇಳಿ.

ಕುಮಟೆಯ ಶಿಕ್ಷಕಿ:

ಬಿರಡೆಗಿಂತ ಮೊದಲು ಆಗಬೇಕಾದ ಕೆಲಸವೊಂದಿದೆ: ಕಿವಿಯ ವಿಷಯವನ್ನು ನಿಮ್ಮ ಹೆಂಡತಿಗೆ ಪೂರ್ತಿಯಾಗಿ ಹೇಳಿ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ರಾತ್ರಿಗೆ ನಮ್ಮ ಮನೆಯವರು ನನಗಾಗಿ ಬಂದಿದ್ದರು. ಅವರಿಗೆ ತಲೆನೋವು ಬಂದಿತ್ತು, ಹೇಳಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು ಬಲಗೈ ಹೆಬ್ಬೆರಳಿನಿಂದ ಗಡಿಯಾರದ ಗಾಜನ್ನು ಒರೆಸುತ್ತಲೇ ಇದ್ದರು. ವೇದಿಕೆಯಲ್ಲಿ ನನಗೆ ಬಹಳ ಇಷ್ಟವಾದ ಹಾಡು ನಡೆಯುತ್ತಿತ್ತು, ನನ್ನ ಕಣ್ಣು ಮಾತ್ರ ಆ ಹೆಬ್ಬೆರಳಿನ ಮೇಲಿತ್ತು. ಮೂರನೆಯ ಹಾಡಿಗೆ ನಾನೇ "ಏಳಿ, ಹೋಗೋಣ" ಎಂದೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ತಲೆನೋವೆಂದು ಮೊದಲೇ ಹೇಳಿದ್ದರೆ ಅವರು ಸ್ವಲ್ಪ ಹೊತ್ತು ನೀರಿನ ಕಡೆ ನಡೆದುಹೋಗಿ ಬರಬಹುದಿತ್ತು, ನಾನು ನೆಮ್ಮದಿಯಿಂದ ಹಾಡು ಕೇಳುತ್ತಿದ್ದೆ. ನೀವೂ ಮೊದಲೇ ಮಾತಾಡಿಕೊಳ್ಳಿ: ಕಿವಿಗೆ ಕಷ್ಟವಾದಾಗ ನೀವು ಎದ್ದು ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹಿಂತಿರುಗುತ್ತೀರಿ ಎಂಬುದು ಅವರಿಗೆ ಗೊತ್ತಿರಲಿ. ಅಷ್ಟು ಹೊತ್ತು ಅವರ ಪಕ್ಕದಲ್ಲಿರಲು ತಮ್ಮನ ಮಗಳನ್ನೂ ಕರೆದುಕೊಂಡು ಹೋಗಿ.

ಶಿರಸಿ ಕಡೆಯ ಬೆಳೆಗಾರ:

ಎಲ್ಲರಿಗೂ ಮನಸಾರೆ ವಂದನೆಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. ಯಂತ್ರದ ಹತ್ತಿರ ನಿಲ್ಲುವಾಗ ಇಷ್ಟು ವರ್ಷ ಏಕೆ ಏನೂ ಹಾಕಿಕೊಳ್ಳಲಿಲ್ಲ ಎಂದು ಮೊದಲು ಬೈದಳು, ಅದು ನ್ಯಾಯವೇ ಆಗಿತ್ತು. ಅಡಕೆ ಕೊನೆ ಕೊಯ್ಯುವ ಕೊನೆಗೌಡನ ಹತ್ತಿರ ಮಾತಾಡಿ ಎರಡು ದಿನ ಕೊಯ್ಲು ನಿಲ್ಲಿಸುವುದೆಂದು ತೀರ್ಮಾನಿಸಿದ್ದೇವೆ, ತಮ್ಮನ ಮಗಳೂ ಬರುತ್ತಾಳೆ. ಇಂದು ಪೇಟೆಯಿಂದ ಸ್ಪಂಜಿನ ಬಿರಡೆ ತಂದೆ. ಅಡಕೆಯ ಕೆಲಸದಿಂದ ಒರಟಾದ ನನ್ನ ಬೆರಳುಗಳಿಗೆ ಅದನ್ನು ಸಪೂರವಾಗಿ ಹೊಸೆಯಲು ಬರಲಿಲ್ಲ. ಅವಳೇ ದೀಪದ ಬತ್ತಿ ಹೊಸೆದ ಹಾಗೆ ಹೊಸೆದು, ನನ್ನ ಕಿವಿಯನ್ನು ಎಳೆದು ಹಾಕಿ, ರೇಡಿಯೋದ ದನಿಯನ್ನು ಪೂರ್ತಿ ಏರಿಸಿ, "ಹಾಡು ಕೇಳುತ್ತದಲ್ಲ?" ಎಂದು ಕೈಸನ್ನೆಯಲ್ಲಿ ಕೇಳಿದಳು. ಕೇಳುತ್ತಿತ್ತು.